ಕಂಬಳಿಯೂ ಕಾವ್ಯವೂ

ಎಳೆಯನೊಬ್ಬನು ತಾನು ಯಾರೆಂಬುದನ್ನು ಅರಸಿಕೊಂಡು ಹೊರಡುವ ಕಥೆಯನ್ನು ತೆರೆಗೆ ತರುವವರು ಸಾಮಾನ್ಯವಾಗಿ ಎರಡು ಸುಲಭೋಪಾಯಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಜಾತ್ರೆಯಲ್ಲಿಯೋ ಪ್ರವಾಹದಲ್ಲಿಯೋ ಅಗಲಿಹೋದ ತಂದೆತಾಯಿಗಳನ್ನು ಕೊನೆಯ ರೀಲಿನಲ್ಲಿ ಕರೆತಂದು ಮಗುವನ್ನು ಅವರ ತೆಕ್ಕೆಗೆ ಒಪ್ಪಿಸಿಬಿಡುವುದು ಒಂದು, ಓಟದಲ್ಲಿಯೋ ಹಾಡಿನಲ್ಲಿಯೋ ಅವನನ್ನು ಗೆಲ್ಲಿಸಿ, ಅದುವರೆಗೆ ಹೀಗಳೆದ ಊರಿನವರ ಕೈಯಿಂದಲೇ ಚಪ್ಪಾಳೆ ಹೊಡೆಸುವುದು ಇನ್ನೊಂದು. ಎರಡನೆಯದು ಸಮರ್ಥರ ಕೈಯಲ್ಲಿ ಸೊಗಸಾಗಿಯೂ ಬರಬಲ್ಲುದೆಂಬುದಕ್ಕೆ ಟಿ. ಎಸ್. ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಸಾಕ್ಷಿಯಾಗಿ ನಿಂತಿದೆ. ಆದರೆ ಈ ಎರಡು ದಾರಿಗಳನ್ನೂ ಬಿಟ್ಟು, ಮಗುವಿನ ಅಂಗೈಯಲ್ಲಿ ಅವನೇ ದುಡಿದು ಕೂಡಿಸಿದ ಒಂದಿಷ್ಟು ಹಣವನ್ನಿರಿಸಿ, ಇದರಿಂದ ಏನನ್ನು ಕೊಳ್ಳುವೆ ಎಂಬ ಪ್ರಶ್ನೆಯೊಂದನ್ನೇ ಕಥೆಯ ಪ್ರಾಣವನ್ನಾಗಿ ಮಾಡಿಕೊಂಡ ಕನ್ನಡ ಚಿತ್ರವೊಂದಿದೆ, ಎನ್. ಲಕ್ಷ್ಮೀನಾರಾಯಣರು 1985ರಲ್ಲಿ ನಿರ್ದೇಶಿಸಿದ ‘ಬೆಟ್ಟದ ಹೂವು’. ಈ ವಾರ ಅದನ್ನು ಕುರಿತು ಬರೆಯಲು ಹೊರಗೆ ಸುರಿಯುತ್ತಿರುವ ಮಾದಾಪುರದ ಮಳೆಯೇ ನೆಪವೆಂದರೂ ಸಲ್ಲುತ್ತದೆ.

ಕಥೆ ಬಹು ಸಣ್ಣದು. ಬೆಟ್ಟದ ಮಡಿಲಿನ ಬಡಮನೆಯೊಂದರ ಹಿರಿಯ ಮಗ ರಾಮು. ಓದಿನ ರುಚಿ ಹತ್ತಿದ ಹುಡುಗ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ತನ್ನದಾಗಬೇಕು, ತನ್ನ ಹೆಸರು ಬರೆದುಕೊಂಡ ತನ್ನದೇ ಪ್ರತಿಯಾಗಿರಬೇಕು ಎಂಬುದು ಅವನ ಹಂಬಲ. ಮನೆಯ ಕಷ್ಟ ಶಾಲೆಯನ್ನು ಬಿಡಿಸುತ್ತದೆ. ಕಾಡಿನ ಆರ್ಕಿಡ್ ಹೂಗಳಲ್ಲಿ ಆಸಕ್ತಿಯುಳ್ಳ ಶರ್ಲಿ ಮೇಡಂ ಎಂಬಾಕೆಗೆ ಅವನು ಹೂವಿನ ಗಿಡಗಳನ್ನು ಹುಡುಕಿ ತಂದುಕೊಟ್ಟು ಕಾಸಿಗೆ ಕಾಸು ಸೇರಿಸುತ್ತಾನೆ. ಹಣ ಕೂಡುತ್ತದೆ, ಮಳೆಗಾಲವೂ ಕೂಡಿಬರುತ್ತದೆ, ಪುಸ್ತಕಕ್ಕೆಂದು ಕೂಡಿಸಿದ್ದು ಮನೆಯವರ ಚಳಿಗೆ ಹೊದಿಸುವ ಕಂಬಳಿಯಾಗುತ್ತದೆ. ಇಷ್ಟೆ. ಇದರ ಮೂಲ ಶರ್ಲಿ ಅರೋರಾ ಎಂಬ ಲೇಖಕಿ 1960ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ತನ್ನ ಹಳ್ಳಿಯಲ್ಲಿ ಮೊತ್ತಮೊದಲಿಗೆ ಅಕ್ಷರ ಕಲಿತ ರಾಮನ್ ಎಂಬ ಬಾಲಕನ ಕಾದಂಬರಿ. ಹೂವನ್ನು ಕೊಳ್ಳುವಾಕೆಗೆ ಆ ಲೇಖಕಿಯ ಹೆಸರನ್ನೇ ಇಟ್ಟು ನಿರ್ದೇಶಕರು ಸದ್ದಿಲ್ಲದೆ ಋಣವನ್ನು ಸಂದಾಯ ಮಾಡಿದ್ದಾರೆ.

ಋಣದ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುವೆನು. ಲಕ್ಷ್ಮೀನಾರಾಯಣರು 1964ರ ‘ನಾಂದಿ’ಯಿಂದ ಮೊದಲುಗೊಂಡು ತಮ್ಮ ಚಿತ್ರಗಳಲ್ಲೆಲ್ಲ ದನಿಯೇರಿಸದ ನಿರ್ದೇಶಕರೆಂದೇ ಹೆಸರಾದವರು. 1973ರಲ್ಲಿ ಅವರು ತೆರೆಗೆ ತಂದ ‘ಅಬಚೂರಿನ ಪೋಸ್ಟಾಫೀಸು’ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಕಥೆ. ಮಗನ ಕಥೆಯಲ್ಲಿ ಮಲೆನಾಡಿನ ಮೂಲೆಯೂರಿಗೆ ಬರುವ ಅಕ್ಷರವೆಂದರೆ ಕಾಗದ, ಸಂಶಯ, ಪಿಸುಮಾತು, ಕೇಡು; ಹನ್ನೆರಡು ವರ್ಷಗಳ ಬಳಿಕ ಅದೇ ನಿರ್ದೇಶಕರು ಅಂಥದೇ ಬೆಟ್ಟದೂರಿನ ಹುಡುಗನೊಬ್ಬನ ಕಣ್ಣೆದುರು ತಂದೆಯ ಮಹಾಕಾವ್ಯವನ್ನು ಹಿಡಿದರು. ಅಕ್ಷರವು ಮನುಷ್ಯನನ್ನು ಕೆಡಿಸಲೂಬಲ್ಲುದು, ಕಟ್ಟಲೂಬಲ್ಲುದು ಎಂಬ ಎರಡು ಪಕ್ಷಗಳನ್ನೂ ಒಬ್ಬನೇ ಕಲಾವಿದನು, ಒಂದೇ ಸಾಹಿತ್ಯಕುಟುಂಬದ ನೆರವಿನಿಂದ, ಇಷ್ಟು ಸಾವಧಾನವಾಗಿ ಮಂಡಿಸಿದ್ದಾನೆಂಬುದನ್ನು ನಮ್ಮ ವಿಮರ್ಶಕರು ಎತ್ತಿ ಹೇಳಿದ್ದನ್ನು ನಾನು ಓದಿಲ್ಲ.

1936ರಿಂದ ಹತ್ತು ವರ್ಷ ಬರೆಯಿಸಿಕೊಂಡು 1949ರಲ್ಲಿ ಹೊರಬಂದ, 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಮುಂದೆ ಜ್ಞಾನಪೀಠವನ್ನೂ ಕನ್ನಡಕ್ಕೆ ತಂದ ಆ ಕಾವ್ಯ ಮಕ್ಕಳ ಓದಿಗೆ ಸುಲಭವಾದುದಲ್ಲ. ಮಹಾಛಂದಸ್ಸಿನ ಅದರ ದೀರ್ಘವಾಕ್ಯಗಳಲ್ಲಿ ಪಂಡಿತರೂ ಉಸಿರು ಹಿಡಿಯಬೇಕಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ಅದೇ ಏಕೆ ಬೇಕಾಯಿತು, ಒಂದು ಚಂದಮಾಮ ಸಾಲದಿತ್ತೆ, ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ತಿಳಿದೀತೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ದೊಡ್ಡದೊಂದನ್ನು ಬಯಸುವುದೇ ಬಾಲ್ಯದ ಲಕ್ಷಣ. ತನ್ನ ಅಳತೆಗೆ ಸರಿಯಾದುದನ್ನಷ್ಟೇ ಆರಿಸಿಕೊಳ್ಳುವ ವಿವೇಕ ಬಂದಿತೆಂದರೆ ಬಾಲ್ಯ ಮುಗಿಯಿತೆಂದೇ ಅರ್ಥ.

ರಾಮುವಾಗಿ ನಟಿಸಿದವರು ಡಾ. ರಾಜ್‌ಕುಮಾರರ ಕಿರಿಯ ಮಗ, ಮುಂದೆ ಪುನೀತ್ ರಾಜ್‌ಕುಮಾರ್ ಎಂದು ನಾಡಿಗೆಲ್ಲ ಬೇಕಾದವರು. ಈ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಆ ಹುಡುಗನಿಗೆ ಅತ್ಯುತ್ತಮ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಅದಕ್ಕೂ ಎರಡು ವರ್ಷಗಳ ಹಿಂದೆ, 1983ರಲ್ಲಿ, ಹಿರಣ್ಯಕಶಿಪುವಾದ ತಂದೆಯ ಎದುರು ನಿಂತು ಅವರು ಭಕ್ತ ಪ್ರಹ್ಲಾದನಾಗಿ ಅಭಿನಯಿಸಿದ್ದರು. ಎರಡನ್ನೂ ಒಂದರ ಬೆನ್ನಿಗೆ ಒಂದನ್ನಿಟ್ಟು ನೋಡಬೇಕು. ಪ್ರಹ್ಲಾದನಿಗೆ ತಾನು ಯಾರೆಂಬ ಸಂದೇಹವೇ ಇಲ್ಲ. ಗರ್ಭದಲ್ಲಿಯೇ ಉತ್ತರ ಪಡೆದು ಹುಟ್ಟಿದವನು ಅವನು, ಅವನ ಬಾಯಲ್ಲಿ ಮಾತುಗಳು ಮೊದಲೇ ತೀರ್ಮಾನವಾಗಿ ಬಂದಿರುತ್ತವೆ. ರಾಮುವಿಗಾದರೋ ಆಕಾಶವಾಣಿಯ ಆಸರೆಯಿಲ್ಲ. ತಾನು ಓದುಗನೋ, ದುಡಿಯುವ ಮಗನೋ, ತಮ್ಮತಂಗಿಯರ ಅಣ್ಣನೋ, ಕಾಡಿನಲ್ಲಿ ಸುಮ್ಮನೆ ಅಲೆಯಬಯಸುವ ಪೋರನೋ ಎಂಬುದು ಅವನಿಗೇ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಆ ಮುಖದ ಮೇಲೆ ಕಾಣಿಸುತ್ತದೆ. ಕಲಿತ ಮಾತನ್ನು ಒಪ್ಪಿಸುವ ಬಾಲನಟರು ನಮ್ಮಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಮಾತಿಗೆ ಮೊದಲಿನ ತಡವರಿಕೆಯನ್ನು ಅಭಿನಯಿಸಬಲ್ಲವರು ದೊಡ್ಡವರಲ್ಲಿಯೂ ಕಡಮೆ. (2021ರ ಅಕ್ಟೋಬರಿನಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಈ ಚಿತ್ರವನ್ನು ಕಣ್ಣೀರಿಲ್ಲದೆ ನೋಡಲಾಗದೆಂದು ಹೇಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ಕಣ್ಣೀರು ನಟನಿಗೆ ಸಲ್ಲತಕ್ಕದ್ದು. ರಾಮುವಿಗೆ ಬೇಕಾಗಿರುವುದು ಬೇರೊಂದು ಗಮನ.)

ಇನ್ನು ಕಂಬಳಿಯ ವಿಷಯ. ಬಯಲುಸೀಮೆಯ ಗೆಳೆಯರೊಡನೆ ಈ ಚಿತ್ರವನ್ನು ಕುರಿತು ಮಾತಾಡುವಾಗಲೆಲ್ಲ ಅವರು ಕಂಬಳಿಯನ್ನು ಒಂದು ಸಂಕೇತವೆಂದು, ಮಮತೆಯ ಕುರುಹೆಂದು ತಿಳಿಯುವುದನ್ನು ಕಂಡಿದ್ದೇನೆ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ಹಾದಿಯಲ್ಲಿ ಮಕ್ಕಂದೂರು, ಹಟ್ಟಿಹೊಳೆಗಳನ್ನು ದಾಟಿ ಬರುವ ಈ ಮಾದಾಪುರದ ಸೀಮೆಯಲ್ಲಿ ಜೂನ್ ತಿಂಗಳಿನಿಂದ ಮೂರು ತಿಂಗಳು ಕಳೆದವರಿಗೆ ಅದು ಸಂಕೇತವಲ್ಲ. ಗೋಡೆ ಬೆವರುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗದು, ಒಲೆಯ ಮೇಲಿನ ಅಟ್ಟದಲ್ಲಿಟ್ಟ ಸೌದೆಯೂ ಹೊಗೆಯುಗುಳುತ್ತದೆ. ಗದ್ದೆಗೂ ತೋಟಕ್ಕೂ ಹೋಗುವವರ ತಲೆಯ ಮೇಲೆ ಒಂದು ಕಾಲದಲ್ಲಿ ಗೊರಗವೋ ಕಂಬಳಿಕೊಪ್ಪೆಯೋ ಇರುತ್ತಿದ್ದುದು ಪ್ಲಾಸ್ಟಿಕ್ಕಿಗೆ ಎಡೆ ಬಿಟ್ಟಿತಾದರೂ, ರಾತ್ರಿಗೆ ಕಂಬಳಿಯನ್ನು ಬಿಟ್ಟರೆ ಇನ್ನೊಂದಿಲ್ಲ. 2018ರ ಆಗಸ್ಟಿನಲ್ಲಿ ಇದೇ ಬೆಟ್ಟಗಳು ಜಾರಿ, ಮನೆಗಳು ಮಣ್ಣಿನಡಿ ಸೇರಿ, ಜನ ಪರಿಹಾರ ಕೇಂದ್ರಗಳ ನೆಲದ ಮೇಲೆ ಮಲಗಬೇಕಾಗಿ ಬಂದಾಗ, ಶಾಲೆಯ ಪುಸ್ತಕಗಳನ್ನು ಕಳೆದುಕೊಂಡ ಮಕ್ಕಳೂ ಮೊದಲು ಕೈಚಾಚಿದುದು ಹೊದಿಕೆಗೇ. ಮುಂದೆ ಜಂಬೂರಿನಲ್ಲಿ ಸಂತ್ರಸ್ತರಿಗಾಗಿ ಹೊಸ ಮನೆಗಳು ಎದ್ದವು. ಆ ಮಕ್ಕಳಲ್ಲಿ ಪುಸ್ತಕದ ಹಂಬಲವಿದ್ದವರು ಎಷ್ಟು ಮಂದಿಯೋ, ಅದನ್ನು ಎಷ್ಟು ಕಾಲ ಮುಂದೂಡಿದರೋ, ಲೆಕ್ಕವಿಟ್ಟವರಾರು?

ಆರ್ಕಿಡ್ಡಿನ ವಿಷಯವೂ ಹೀಗೆಯೇ. ಕಾಫಿತೋಟದ ನೆರಳಿಗೆ ಬಿಟ್ಟ ಹಲಸು, ನಂದಿ ಮೊದಲಾದ ಮರಗಳ ಕವಲುಗಳಲ್ಲಿ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ಸೀತಾಳೆ ದಂಡೆ ಇಳಿಬೀಳುತ್ತದೆ. ಬಿಳಿಯ ಎಸಳಿನ ಮೇಲೆ ನೇರಳೆಯ ಚುಕ್ಕೆಗಳಿರುವ ಮೊಳದುದ್ದದ ಗೊಂಚಲು. ತೋಟದ ಮೇಸ್ತ್ರಿಗಳಲ್ಲಿ ಕೆಲವರು ಅದನ್ನೂ ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವುದುಂಟು. ಬಂದಳಿಕೆ ಮರದ ಸಾರವನ್ನು ಹೀರುತ್ತದೆ. ಸೀತಾಳೆ ಹಾಗಲ್ಲ, ಮರದಿಂದ ಅದು ಬೇಡುವುದು ನಿಲ್ಲುವ ನೆಲೆಯೊಂದನ್ನೇ, ನೀರನ್ನು ತನ್ನ ಬಿಳಿಯ ಬೇರುಗಳಿಂದ ಮಳೆಯಿಂದಲೂ ಮಂಜಿನಿಂದಲೂ ತಾನೇ ದಕ್ಕಿಸಿಕೊಳ್ಳುತ್ತದೆ. ಬಡಮನೆಯಲ್ಲಿ ಓದುವ ಹುಡುಗನನ್ನು ದಂಡಪಿಂಡವೆಂದು ಜರೆಯುವ ಹಿರಿಯರು ಮೇಸ್ತ್ರಿಯ ತಪ್ಪನ್ನೇ ಮಾಡುತ್ತಾರೆ. ಚಿತ್ರ ಈ ಉಪಮೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದು ಅದರ ಘನತೆ, ಹೇಳಿಬಿಟ್ಟದ್ದು ಅಂಕಣಕಾರನ ಚಾಪಲ್ಯ. ಇಂದಿನ ಹುಡುಗರು ರಾಮುವನ್ನು ಅನುಕರಿಸಿ ಮೀಸಲು ಕಾಡಿನಲ್ಲಿ ಹೂ ಕೀಳಲು ಹೊರಟರೆ ಅರಣ್ಯ ಇಲಾಖೆಯವರು ಸುಮ್ಮನಿರಲಾರರೆಂಬುದನ್ನೂ ಪೋಷಕರ ನೆಮ್ಮದಿಗಾಗಿ ಸೇರಿಸಬೇಕಾಗಿದೆ.

ನನ್ನ ಮುಖ್ಯವಾದ ತಕರಾರಿರುವುದು ಈ ಚಿತ್ರವನ್ನು ತ್ಯಾಗದ ಕಥೆಯೆಂದು ಮಕ್ಕಳಿಗೆ ತೋರಿಸುವ ಪದ್ಧತಿಯ ಮೇಲೆ. ಶಾಲೆಗಳಲ್ಲಿ, ಸಂಘಗಳಲ್ಲಿ ಇದನ್ನು ಪ್ರದರ್ಶಿಸಿ, ದೀಪ ಹಾಕಿದ ಕೂಡಲೇ ಯಾರಾದರೊಬ್ಬರು ಎದ್ದುನಿಂತು, ನೋಡಿದಿರಾ ಮಕ್ಕಳೇ, ತನ್ನ ಆಸೆಯನ್ನು ಬಿಟ್ಟು ಮನೆಯವರಿಗಾಗಿ ಎಂದು ಮೊದಲಿಡುತ್ತಾರೆ. ಅದು ದೊಡ್ಡವರಿಗೆ ಬಹು ಅನುಕೂಲವಾದ ವ್ಯಾಖ್ಯಾನ. ತೋಟದ ಲೈನ್‌ಮನೆಗಳ ಮಕ್ಕಳನ್ನು ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಶಾಲೆ ತಪ್ಪಿಸಿ ಕಣಕ್ಕೂ, ಎಳೆಯ ಕೂಸನ್ನು ನೋಡಿಕೊಳ್ಳಲು ಮನೆಗೂ ಕಟ್ಟಿಹಾಕಿದ ಕಾಲವೊಂದು ಈ ನಾಡಿನಲ್ಲಿಯೂ ಇತ್ತು. ಆ ಮಕ್ಕಳನ್ನು ಯಾರೂ ತ್ಯಾಗಿಗಳೆಂದು ಕರೆಯಲಿಲ್ಲ, ಏಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ರಾಮುವಿನ ಸಂಗತಿ ಬೇರೆ. ಹಣ ಅವನದು, ನಿರ್ಧಾರ ಅವನದು, ನಷ್ಟವೂ ಅವನಿಗೆ ಚೆನ್ನಾಗಿ ಗೊತ್ತು. ಕಂಬಳಿಯನ್ನು ಕೊಂಡವನು ಪುಸ್ತಕವನ್ನು ಮರೆತ ಹುಡುಗನಲ್ಲ, ಪುಸ್ತಕವನ್ನು ಬಯಸುತ್ತಲೇ ಇರುವ ಹುಡುಗ. ಆ ಬಯಕೆ ಸುಳ್ಳಾಗಿದ್ದರೆ ಈ ಕೊಳ್ಳುವಿಕೆಗೆ ಬೆಲೆಯೇ ಇರುತ್ತಿರಲಿಲ್ಲ. ಓದು ಅವನನ್ನು ಮನೆಯಿಂದ ದೂರಮಾಡಲಿಲ್ಲ, ಮನೆ ಅವನ ಓದನ್ನು ಕೊಲ್ಲಲಿಲ್ಲ. ಇವೆರಡೂ ಸೇರಿದ ಒಬ್ಬ ರಾಮು ಅಂಗಡಿಯಿಂದ ಹೊರಬರುತ್ತಾನೆ, ಒಳಗೆ ಹೋಗುವಾಗ ಅವನು ಇನ್ನೂ ಇರಲಿಲ್ಲ. ಮಗುವೊಂದು ಇಂಥ ಆಯ್ಕೆಯನ್ನು ಮಾಡಬೇಕಾಗಿ ಬಂದುದೇ ಏಕೆ ಎಂಬ ಪ್ರಶ್ನೆಯನ್ನು ನಿರ್ದೇಶಕರು ಪ್ರೇಕ್ಷಕನಿಗೆ ಬಿಟ್ಟಿದ್ದಾರೆ. ಭಾಷಣಕಾರರು ಅದನ್ನು ಮಕ್ಕಳಿಗೆ ಕೇಳಿಸದಂತೆ ಮುಚ್ಚಿಬಿಡುತ್ತಾರೆ.

ದೋಷಗಳಿಲ್ಲವೆಂದಲ್ಲ. ಶರ್ಲಿ ಮೇಡಂ ತೀರ ಒಳ್ಳೆಯವಳು. ಹೊರಗಿನಿಂದ ಬಂದವರು ಬೆಟ್ಟದ ಹೂವಿಗೆ ಬೆಲೆ ಕಟ್ಟುವುದರಲ್ಲಿರುವ ಸಣ್ಣ ಕಹಿಯೊಂದನ್ನು ಚಿತ್ರ ನಾಲಗೆಗೆ ತಾಗಿಸಲು ಅಂಜುತ್ತದೆ. ಬಡತನವೂ ಕೆಲವು ಕಡೆ ಒಗೆದು ಮಡಿಚಿಟ್ಟಂತೆ ಶುಭ್ರವಾಗಿದೆ. ರಾಜನ್-ನಾಗೇಂದ್ರರ ಸಂಗೀತದಲ್ಲಿ ಪುನೀತರೇ ಹಾಡಿರುವ ಹಾಡು ಜನಪ್ರಿಯವಾದುದು ನ್ಯಾಯವೇ. ಎಳೆಗಂಟಲಿನ ಆ ದನಿಗೆ ಅಭ್ಯಾಸದ ನಯ ಹತ್ತಿಲ್ಲ.

ಬಾಲಕನ ಕಣ್ಣಿನ ಚಿತ್ರವೆಂದರೆ ತಿಳಿದವರು ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮೊದಲು ಹೆಸರಿಸುವರು, ಯೋಗ್ಯವಾದ ಮಾತು. ಅಲ್ಲಿ ನಾಣಿ ಬೆಳೆಯುವುದು ದೊಡ್ಡವರ ಕ್ರೌರ್ಯವನ್ನು ಕಂಡು. ಕಾಣುವುದಷ್ಟೇ ಅವನ ಪಾಲಿಗೆ ಬಂದದ್ದು, ಮಾಡುವುದಕ್ಕೆ ಏನೂ ಉಳಿದಿಲ್ಲ. ರಾಮು ಬೆಳೆಯುವುದು ಒಂದನ್ನು ಮಾಡಿ. ಈ ದೃಷ್ಟಿಯಿಂದ ಅವನ ನಿಜವಾದ ಸಹೋದರನು ಇರಾನಿನಲ್ಲಿದ್ದಾನೆ: ಅಬ್ಬಾಸ್ ಕಿಯಾರೊಸ್ತಮಿಯವರ 1987ರ ಚಿತ್ರದಲ್ಲಿ, ಗೆಳೆಯನ ನೋಟ್‌ಪುಸ್ತಕ ತಪ್ಪಿ ತನ್ನ ಚೀಲಕ್ಕೆ ಬಂದುದರಿಂದ ಅವನಿಗೆ ಶಿಕ್ಷೆಯಾದೀತೆಂದು ಹೆದರಿ, ಹಿರಿಯರ ಮಾತನ್ನು ಮೀರಿ ಗುಡ್ಡದಾಚೆಯ ಊರಿನಲ್ಲಿ ಮನೆಮನೆ ಅಲೆಯುವ ಅಹಮದ್. ಅಲ್ಲಿಯೂ ಒಂದು ಪುಸ್ತಕವಿದೆ, ಬೆಟ್ಟವಿದೆ, ಕಡೆಗೆ ಹಾಳೆಗಳ ನಡುವೆ ಒಂದು ಹೂವೂ ಇದೆ. ಇವರಿವರು ಪರಸ್ಪರ ಕಂಡವರಲ್ಲವೆಂದೇ ನನ್ನ ನಂಬಿಕೆ. ಎರಡು ವರ್ಷಗಳ ಅಂತರದಲ್ಲಿ ಎರಡು ದೇಶಗಳ ನಿರ್ದೇಶಕರು ಒಂದೇ ಸಾಮಗ್ರಿಗೆ ಕೈಯಿಟ್ಟರು. ಅಹಮದನನ್ನು ಜಗತ್ತು ಬಲ್ಲುದು.

‘ಘಟಶ್ರಾದ್ಧ’ಕ್ಕೆ ಸುದೈವದಿಂದ ಜೀರ್ಣೋದ್ಧಾರವಾಗಿ, 2024ರಲ್ಲಿ ವೆನಿಸ್ ಉತ್ಸವದ ಪುರಾತನ ಶ್ರೇಷ್ಠಕೃತಿಗಳ ಸಾಲಿನಲ್ಲಿ ಅದು ಹೊಸದಾಗಿ ಬೆಳಗಿತು. ‘ಬೆಟ್ಟದ ಹೂವು’ ನನಗೆ ಟೆಲಿವಿಷನ್ನಿನಲ್ಲಿಯೂ ಫೋನಿನ ಗಾಜಿನ ಮೇಲೆಯೂ ದೊರೆತದ್ದು ಬಣ್ಣಗೆಟ್ಟ ಪ್ರತಿಗಳಲ್ಲಿಯೇ: ಹಸುರು ಕಂದಾಗಿ, ಹೂವಿನ ನೇರಳೆ ಬೂದಿಯಾಗಿ ಕಾಣುತ್ತದೆ. ಕಪ್ಪುಬಿಳುಪಿನ ಚಿತ್ರ ಮಾಸಿದರೆ ನಷ್ಟ ಒಂದು ಬಗೆಯದು. ಕಾಡಿನೊಳಗೆ ಒಂದು ಹೂವನ್ನು ಗುರುತಿಸುವುದೇ ನಾಯಕನ ಜೀವನೋಪಾಯವಾಗಿರುವ ಚಿತ್ರದಲ್ಲಿ ಬಣ್ಣ ಹೋದರೆ ಕಥೆಯ ಅರ್ಧವೇ ಹೋಗುತ್ತದೆ. ರಾಜ್ಯದ ಚಲನಚಿತ್ರ ಅಕಾಡೆಮಿಯವರಾಗಲಿ, ಕುಪ್ಪಳಿಯ ಕವಿಯ ಹೆಸರಿನಲ್ಲಿ ಕೆಲಸ ಮಾಡುವವರಾಗಲಿ ಮೂಲ ನೆಗೆಟಿವ್‌ನ ಜಾಡು ಹಿಡಿದು ಹೊರಡುವುದಾದರೆ, ಅದಕ್ಕೆ ಬರೆಯಬೇಕಾದ ಅರ್ಜಿಯನ್ನು ಈ ಮಳೆ ಹೊಳವಾಗುವುದರೊಳಗೆ ನಾನೇ ಬರೆದುಕೊಡಲು ಸಿದ್ಧನಿದ್ದೇನೆ.