ಎಸ್‌ಜಿಪಿಟಿ ಹೇಳುವುದೆಷ್ಟು?

ಲಿವರ್ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಹಲವರ ಕಣ್ಣು ಹೋಗುವುದು ಎಸ್‌ಜಿಪಿಟಿಯ ಸಾಲಿಗೆ. ಅಂಕಿ ಮಿತಿಯೊಳಗಿದ್ದರೆ ಲಿವರ್ ಗಟ್ಟಿ, ಮಿತಿ ದಾಟಿದರೆ ಕೆಟ್ಟಿತು ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಪರೀಕ್ಷೆ ಒಳ್ಳೆಯದೇ, ನಾವು ಅದನ್ನು ಓದುವ ರೀತಿಯೇ ತಪ್ಪು.

ಈಗ ಎಎಲ್‌ಟಿ ಎಂದೂ ಕರೆಯುವ ಈ ಕಿಣ್ವ ಇರುವುದು ಮುಖ್ಯವಾಗಿ ಯಕೃತ್ತಿನ ಜೀವಕೋಶಗಳೊಳಗೆ. ಕೋಶಕ್ಕೆ ಪೆಟ್ಟು ಬಿದ್ದರೆ ಅದು ರಕ್ತಕ್ಕೆ ಸೋರುತ್ತದೆ. ಆರ್ಥರ್ ಕಾರ್ಮೆನ್, ಫೆಲಿಕ್ಸ್ ರೋಬ್ಲೆವ್‌ಸ್ಕಿ, ಜಾನ್ ಲಡೂ ಮೊದಲಾದವರು 1950ರ ದಶಕದ ನಡುವೆ ನ್ಯೂಯಾರ್ಕ್‌ನಲ್ಲಿ ಇಂಥ ಕಿಣ್ವಗಳನ್ನು ರಕ್ತದಲ್ಲಿ ಅಳೆದು ತೋರಿಸಿದ್ದು ವೈದ್ಯಕೀಯಕ್ಕೆ ದೊಡ್ಡ ಕೊಡುಗೆ. ವೈರಲ್ ಹೆಪಟೈಟಿಸ್‌ನಲ್ಲಿ ಕಣ್ಣು ಹಳದಿಯಾಗುವ ಮೊದಲೇ ಎಎಲ್‌ಟಿ ಏರುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ನುಂಗುವವರ ಲಿವರ್‌ಗೆ ಔಷಧಿಯೇ ಮುಳುವಾಗುತ್ತಿದ್ದರೆ ಅದನ್ನೂ ತಿಳಿಸುತ್ತದೆ. ಸ್ವಲ್ಪ ರಕ್ತ, ಕಡಿಮೆ ಖರ್ಚಿನಲ್ಲಿ ಇಷ್ಟು ಬೇಗ ಎಚ್ಚರಿಸುವ ಪರೀಕ್ಷೆಗಳು ವಿರಳ.

ಆದರೆ ಅದು ಹೇಳುವುದು ಈಗ ಆಗುತ್ತಿರುವ ಹಾನಿಯನ್ನು, ಉಳಿದಿರುವ ಶಕ್ತಿಯನ್ನಲ್ಲ. ಸಿರೋಸಿಸ್‌ನಿಂದ ಲಿವರ್ ಗಡುಸಾಗಿ ಕುಗ್ಗಿದವರಲ್ಲೂ ಎಎಲ್‌ಟಿ ಸಹಜವಾಗಿರಬಹುದು. ತೀವ್ರ ಲಿವರ್ ವೈಫಲ್ಯದಲ್ಲಿ ಸಾವಿರಗಳಲ್ಲಿದ್ದ ಅಂಕಿ ಸರ್ರನೆ ಇಳಿದು, ಕಾಮಾಲೆ ತೋರುವ ಬಿಲಿರುಬಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಏರುತ್ತಿದ್ದರೆ ಅದು ಚೇತರಿಕೆಯಲ್ಲ. ಸೋರಲು ಕೋಶಗಳೇ ಉಳಿದಿಲ್ಲ ಎಂದರ್ಥ. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತೇ ಅತ್ಯಂತ ಅಪಾಯದ್ದು.

ಏರಿದ್ದೆಲ್ಲ ಲಿವರ್‌ನದೂ ಅಲ್ಲ. ಜಿಮ್‌ನಲ್ಲಿ ಭಾರ ಎತ್ತಿದವರ ಸ್ನಾಯುವಿನಿಂದಲೂ ಎಎಲ್‌ಟಿ ಬರುತ್ತದೆ. ಡುಶೆನ್ ಸ್ನಾಯುಕ್ಷಯವಿರುವ ಹುಡುಗರನ್ನು ಲಿವರ್ ರೋಗಿಗಳೆಂದು ಅಲೆದಾಡಿಸಿದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿವೆ. ಸ್ನಾಯುಹಾನಿಯಲ್ಲಿ ಏರುವ ಸಿಕೆ ಎಂಬ ಇನ್ನೊಂದು ಕಿಣ್ವವನ್ನು ನೋಡಿದರೆ ಈ ಗೊಂದಲ ಬಹುಮಟ್ಟಿಗೆ ತೀರುತ್ತದೆ.

ಇನ್ನು ಮಿತಿಯ ಪ್ರಶ್ನೆ. ಆರೋಗ್ಯವಂತರೆಂದು ಲೆಕ್ಕಕ್ಕೆ ಹಿಡಿದವರಲ್ಲೇ ಲಿವರ್‌ನಲ್ಲಿ ಕೊಬ್ಬು ತುಂಬಿದವರು ಸೇರಿದ್ದರೆ ಮಿತಿ ತಾನಾಗಿಯೇ ಮೇಲೇರುತ್ತದೆ. 2002ರಲ್ಲಿ ಇಟಲಿಯ ಪ್ರಾತಿ ಮತ್ತು ಸಂಗಡಿಗರು ರಕ್ತದಾನಿಗಳನ್ನು ಪರಿಶೀಲಿಸಿ, ಮೇಲ್ಮಿತಿಯನ್ನು ಗಂಡಸರಿಗೆ 30, ಹೆಂಗಸರಿಗೆ 19 ಯೂನಿಟ್‌ಗೆ ಇಳಿಸಬೇಕೆಂದರು. ಎಲ್ಲರಿಗೂ ಒಂದೇ 40 ಎಂದು ಅಚ್ಚುಮಾಡುವ ವರದಿ, ರೋಗ ಒಳಗೊಳಗೇ ಬೆಳೆಯುತ್ತಿರುವ ಎಷ್ಟೋ ಹೆಂಗಸರಿಗೆ ಸುಳ್ಳು ಭರವಸೆ ಕೊಡುತ್ತದೆ. ಹಾಗೆಂದು ಮಿತಿಯನ್ನು ತೀರಾ ತಗ್ಗಿಸಿದರೆ ಆರೋಗ್ಯವಂತರನ್ನೂ ಪರೀಕ್ಷೆಯಿಂದ ಪರೀಕ್ಷೆಗೆ ಓಡಿಸಿದಂತಾಗುತ್ತದೆ. ಆ ತೂಗುವಿಕೆ ವೈದ್ಯರ ವಿವೇಕಕ್ಕೆ ಬಿಟ್ಟದ್ದು. ಹೆಣ್ಣು ಗಂಡಿಗೆ ಬೇರೆ ಮಿತಿ ಅಚ್ಚು ಹಾಕುವುದು ಮಾತ್ರ ಪ್ರಯೋಗಾಲಯಗಳ ಕರ್ತವ್ಯ.

ಎಎಲ್‌ಟಿಯನ್ನು ಕೈಬಿಡುವುದು ಮೂರ್ಖತನ; ಅದೊಂದನ್ನೇ ನಂಬುವುದೂ ಅಷ್ಟೇ. ವಯಸ್ಸು, ಎಎಸ್‌ಟಿ ಎಂಬ ಜೊತೆ ಕಿಣ್ವ, ಎಎಲ್‌ಟಿ, ಪ್ಲೇಟ್‌ಲೆಟ್ ಸೇರಿಸಿ ಲೆಕ್ಕ ಹಾಕುವ ಫಿಬ್-4 ಸೂಚ್ಯಂಕಕ್ಕೆ ಬೇಕಾದ ಮಾಹಿತಿ ಸಾಮಾನ್ಯ ರಕ್ತಪರೀಕ್ಷೆಗಳಲ್ಲೇ ಸಿಗುತ್ತದೆ. ಲಿವರ್ ಎಷ್ಟು ಗಡುಸಾಗಿರಬಹುದೆಂಬ ಅಂದಾಜನ್ನು ಅದು ಕೊಡುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ ಇರುವವರ ಎಎಲ್‌ಟಿ ಸಹಜವಿದ್ದರೂ ಈ ಲೆಕ್ಕ ಹಾಕದೆ ಮನೆಗೆ ಕಳಿಸಬಾರದು.