ಕುದುರೆಯ ಕತ್ತಿಗೆ ಬರೆ: ಒಂದು ಚಿಕಿತ್ಸೆಯ ವಿಮರ್ಶೆ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಗಡಿಸೀಮೆಯಲ್ಲಿ ಜಟಕಾಗಳು ಈಗ ವಿರಳ. ಆದರೆ ಕುದುರೆ ಪೂರ್ತಿ ಮರೆಯಾಗಿಲ್ಲ. ಮದುವೆಯ ಮೆರವಣಿಗೆಗೆ, ಜಾತ್ರೆಗೆ, ಅಲ್ಲೊಂದು ಇಲ್ಲೊಂದು ಗಾಡಿಗೆ ಅದು ಇನ್ನೂ ಬೇಕು. ಆ ಕುದುರೆಗೆ ಕತ್ತು ಹಿಡಿದರೆ, ನಡೆಯುವಾಗ ಹಿಂಗಾಲು ತೂರಾಡಿದರೆ, ಹಲವರಿಗೆ ಮೊದಲು ನೆನಪಾಗುವುದು ಬರೆ. ಎತ್ತಿಗೂ ಕುದುರೆಗೂ ಕಾದ ಕಬ್ಬಿಣದಿಂದ ಗೆರೆ ಎಳೆಯುವ ಪದ್ಧತಿ ಗಡಿಯ ಎರಡೂ ಕಡೆ ಹಳೆಯದು. ಹಳೆಯದೆಂಬ ಕಾರಣಕ್ಕೆ ಅದನ್ನು ಒಪ್ಪುವುದೂ ಬೇಡ, ತಳ್ಳುವುದೂ ಬೇಡ. ಕುದುರೆಗೆ ಅದರಿಂದ ಏನಾಗುತ್ತದೆ ಎಂಬುದೊಂದೇ ಇಲ್ಲಿ ಮುಖ್ಯ.

ಪದ್ಧತಿಗೆ ಸಲ್ಲಬೇಕಾದ ಮನ್ನಣೆ ಮೊದಲು ಸಲ್ಲಲಿ. ಒಳ್ಳೆಯ ನಾಟಿವೈದ್ಯ ಕಬ್ಬಿಣ ಕಾಯಿಸುವ ಮುನ್ನ ಕೈಯಿಂದ ನೋಡುತ್ತಾನೆ. ಕತ್ತಿನ ಯಾವ ಪಕ್ಕ ಬಿಸಿ, ಎಲ್ಲಿ ಊತ, ಎಲ್ಲಿ ಮುಟ್ಟಿದರೆ ಪ್ರಾಣಿ ಬೆಚ್ಚುತ್ತದೆ ಎಂದು ಅವನ ಬೆರಳಿಗೆ ಗೊತ್ತು. ಬರೆ ಹಾಕಿದ ಮೇಲೆ ಗಾಯ ಮಾಯುವವರೆಗೆ ಗಾಡಿ ಕಟ್ಟಬೇಡಿ ಎನ್ನುತ್ತಾನೆ. ಮಾಂಸ ಉಳುಕಿದ್ದರೆ, ಪೆಟ್ಟಿನಿಂದ ಒಳಗೆ ಬಾವು ಬಂದಿದ್ದರೆ, ಆ ಕೆಲವು ವಾರಗಳಲ್ಲಿ ಕುದುರೆ ಸುಧಾರಿಸುತ್ತದೆ. ಮಾಲೀಕ ಬೆಂಕಿಯನ್ನು ಹೊಗಳುತ್ತಾನೆ. ವಾಸಿ ಮಾಡಿದ್ದು ವಿಶ್ರಾಂತಿ, ಹೆಸರು ಬಂದದ್ದು ಬರೆಗೆ.

ಇದು ಬರಿಯ ಊಹೆಯಲ್ಲ. ಕುದುರೆಯ ಕಾಲಿನ ಸ್ನಾಯುರಜ್ಜುವಿಗೆ ಪೆಟ್ಟಾದಾಗ ಬರೆ ಹಾಕುವುದು ಇಂಗ್ಲೆಂಡಿನಲ್ಲೂ ಬಹುಕಾಲ ನಡೆದಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ, ಬರೆಯಿಂದ ರಜ್ಜು ಬೇಗ ಕೂಡುವುದಿಲ್ಲವೆಂದು 1983ರಲ್ಲಿ ಪ್ರಕಟಿಸಿದರು. ಅದು ಕತ್ತಿನ ಮೇಲೆ ನಡೆದ ಪ್ರಯೋಗವಲ್ಲ, ನಿಜ. ಆದರೆ ಚರ್ಮದ ಕೆಳಗೇ ಇರುವ ರಜ್ಜುವಿಗೆ ಉಪಕಾರ ಮಾಡದ ಬೆಂಕಿ, ದಪ್ಪ ಮಾಂಸದೊಳಗಿನ ಮೂಳೆಗೆ ಏನು ಮಾಡೀತು? ಕುದುರೆಯ ಬೆನ್ನುಮೂಳೆ ಅದರ ಜೂಲಿನ ಅಂಚಿನಲ್ಲಿ ಹಾಯುವುದಿಲ್ಲ. ಕತ್ತಿನ ಏಳು ಮಣಿಗಳು ಬಾಗಿ ಕೆಳಗಿಳಿದು, ಹೆಗಲ ಬಳಿ ಆಳದಲ್ಲಿ ಹುದುಗಿರುತ್ತವೆ. ಜೂಲಿನ ಕೆಳಗೆ ಎಳೆದ ಗೆರೆ ರೋಗದ ಜಾಗದಿಂದ ಬಹಳ ದೂರ.

ಮತ್ತೆ ಮತ್ತೆ ಕತ್ತು ಹಿಡಿಯುವ, ಜೊತೆಗೆ ನಡಿಗೆಯ ಹಿಡಿತ ತಪ್ಪುವ ಕುದುರೆಯಲ್ಲಿ ಕೆಟ್ಟಿರುವುದು ಹೆಚ್ಚಾಗಿ ಆ ಮಣಿಗಳ ನಡುವಿನ ನಾಳ. ಬೇಗ ಬೆಳೆದ ಎಳೆಯ ಕುದುರೆಯಲ್ಲಿ ಮಣಿಗಳು ಸರಿಯಾಗಿ ಹೊಂದದೆ, ವಯಸ್ಸಾದದ್ದರಲ್ಲಿ ಕತ್ತಿನ ಬುಡದ ಕೀಲುಗಳು ಸವೆದು ಊದಿ, ಮಿದುಳುಬಳ್ಳಿಯನ್ನು ಒತ್ತುತ್ತವೆ. ಹಿಂಗಾಲಿನ ಸುದ್ದಿ ಒಯ್ಯುವ ಎಳೆಗಳು ಬಳ್ಳಿಯ ಹೊರಪದರದಲ್ಲಿರುವುದರಿಂದ ಒತ್ತಡ ಮೊದಲು ಅವುಗಳಿಗೆ ತಾಗುತ್ತದೆ. ಕುದುರೆಗೆ ಶಕ್ತಿ ಇದೆ. ತನ್ನ ಕಾಲು ಎಲ್ಲಿದೆ ಎಂಬುದು ತಿಳಿಯುತ್ತಿಲ್ಲ. ಗಿಡ್ಡ ಹಗ್ಗದಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿದ ಕುದುರೆ ಬೆಚ್ಚಿ ಹಿಂದಕ್ಕೆ ಜಗ್ಗಿದಾಗ, ಅಥವಾ ಜಾರಿ ಬಿದ್ದಾಗ, ಮೊದಲೇ ಇಕ್ಕಟ್ಟಾದ ಆ ನಾಳದಲ್ಲಿ ಬಳ್ಳಿ ಮತ್ತೆ ನಲುಗುತ್ತದೆ. ವಿಶ್ರಾಂತಿಯಿಂದ ಬಾವು ಇಳಿದು ಸ್ವಲ್ಪ ಗುಣ ಕಾಣುತ್ತದೆ. ಮೂಳೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಇಲ್ಲಿ ಚಿಕಿತ್ಸೆಯನ್ನು ಅಳೆಯಬೇಕಾದದ್ದು ಕುದುರೆ ಚೇತರಿಸಿಕೊಂಡ ದಿನದಿಂದಲ್ಲ, ಅದು ಎರಡನೆಯ ಸಲ ಎಡವಿದ ದಿನದಿಂದ. ಬರೆ ಸೋಲುವುದು ಅಲ್ಲಿ. ಮೊದಲ ಸಲದ ಗುಣವನ್ನು ತೋರಿಸಿ ಎರಡನೆಯ ಸಲವೂ ಕಬ್ಬಿಣ ಕಾಯಿಸಲು ಹೇಳುತ್ತದೆ. ರೋಗ ಇನ್ನೂ ಅಲ್ಲೇ ಇದೆ ಎಂಬ ಎಚ್ಚರಿಕೆ ಬೆಂದ ಚರ್ಮದಡಿ ಮರೆಯಾಗುತ್ತದೆ.

ಬರೆಯ ಎರಡನೆಯ ದೋಷ ಇನ್ನೂ ದೊಡ್ಡದು. ತೂರಾಡುವ ಪ್ರತಿ ಕುದುರೆಯ ರೋಗವೂ ಕತ್ತಿನಲ್ಲಿಲ್ಲ. ನಮ್ಮ ದೇಶದ ಕುದುರೆಗಳಿಗೆ ಕುಮ್ರಿ ಎಂಬ ಕಾಯಿಲೆ ಬರುತ್ತದೆ. ದನದ ಹೊಟ್ಟೆಯೊಳಗೆ ತೊಂದರೆ ಕೊಡದೆ ಬದುಕುವ ಸೆಟೇರಿಯ ಎಂಬ ಹುಳುವಿನ ಮರಿ ಸೊಳ್ಳೆಯ ಮೂಲಕ ಕುದುರೆಗೆ ದಾಟಿ, ದಾರಿ ತಪ್ಪಿ ಮಿದುಳುಬಳ್ಳಿಗೆ ನುಗ್ಗುತ್ತದೆ, ಸೊಂಟ ಬೀಳುತ್ತದೆ. ದನ, ಕುದುರೆ, ಸೊಳ್ಳೆ ಒಂದೇ ಅಂಗಳದಲ್ಲಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದಲ್ಲೂ ಹಿಂಗಾಲು ಸೋಲುತ್ತದೆ. ಇವೆರಡಕ್ಕೂ ಬೇಗ ಕೊಟ್ಟರೆ ಔಷಧಿಯಿದೆ. ಬಳ್ಳಿ ಹಾಳಾದ ಮೇಲೆ ಕೊಟ್ಟದ್ದು ಅಷ್ಟಕ್ಕಷ್ಟೆ. ಬರೆಗೆ ಕಳೆದ ದಿನಗಳೇ ಆ ಬೆಲೆಬಾಳುವ ದಿನಗಳು. ಇದರ ಮೇಲೆ, ಧನುರ್ವಾಯುವಿಗೆ ಸುಲಭವಾಗಿ ತುತ್ತಾಗುವ ಪ್ರಾಣಿಗಳಲ್ಲಿ ಕುದುರೆ ಮೊದಲ ಸಾಲಿನದು. ಲದ್ದಿ, ಮಣ್ಣು ತುಂಬಿದ ಲಾಯದಲ್ಲಿ ಸುಟ್ಟಗಾಯ ಮಾಡುವುದೆಂದರೆ ಆ ರೋಗಕ್ಕೆ ಬಾಗಿಲು ತೆರೆದಂತೆ. ಕತ್ತು ಸೆಟೆದಿದೆಯೆಂದು ಬರೆ ಹಾಕಿದ ಕುದುರೆ ಬರೆಯಿಂದಲೇ ಸೆಟೆದು ಸಾಯಬಹುದು.

ಹಾಗಾದರೆ ಸೂಜಿಯೇ ಸರಿಯೇ? ಅದನ್ನೂ ಅದೇ ಅಳತೆಗೆ ಒಡ್ಡಬೇಕು. ನೋವಿನ ಇಂಜೆಕ್ಷನ್ ಕೊಟ್ಟು ಮರುದಿನ ಗಾಡಿ ಕಟ್ಟುವುದು ಬರೆಗಿಂತ ಕೆಟ್ಟದ್ದು, ಏಕೆಂದರೆ ಬರೆಯಲ್ಲಿದ್ದ ವಿಶ್ರಾಂತಿಯೂ ಇಲ್ಲಿಲ್ಲ. ರೋಗವನ್ನು ಸರಿಯಾಗಿ ಪತ್ತೆಹಚ್ಚೋಣವೆಂದರೆ, ಕುದುರೆಯ ಕತ್ತಿನ ಬುಡದ ಎಕ್ಸ್‌ರೇ ತೆಗೆಯಲು ಬಲವಾದ ಯಂತ್ರ ಬೇಕು. ಹಿಂದೂಪುರದವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸುಮಾರು 100 ಕಿ.ಮೀ. ದೂರ, ಕಲ್ಯಾಣದುರ್ಗದವರಿಗೆ ಅದರ ಎರಡರಷ್ಟು. ತೂರಾಡುವ ಕುದುರೆಯನ್ನು ಲಾರಿಯಲ್ಲಿ ನಿಲ್ಲಿಸಿ ಒಯ್ಯುವುದೇ ಅಪಾಯ. ಹಣವಿದ್ದವರ ಕಥೆಯೂ ಪೂರ್ತಿ ಸುಖದ್ದಲ್ಲ. 1977ರಲ್ಲಿ ಅಮೆರಿಕದ ಮೂರು ಮಹಾ ಪಂದ್ಯಗಳನ್ನೂ ಗೆದ್ದ ಸಿಯಾಟಲ್ ಸ್ಲೂ ಎಂಬ ಕುದುರೆಗೆ ಮುಪ್ಪಿನಲ್ಲಿ ಇದೇ ಕತ್ತಿನ ರೋಗ ಬಂತು. 2000ದಲ್ಲಿ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾಯಿತು, ಕುದುರೆ ಸುಧಾರಿಸಿತು. ರೋಗ ಮರುಕಳಿಸಿ 2002ರಲ್ಲಿ ಮತ್ತೆ ಮಾಡಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದು ತೀರಿಕೊಂಡಿತು.

ಬಡ ಮಾಲೀಕನಿಗೆ ನಿಜವಾಗಿ ಒದಗುವುದು ಕಣ್ಣಿನ ಪರೀಕ್ಷೆ. ಅದಕ್ಕೆ ಕಾಸು ಬೇಡ, ಜೊತೆಗೊಬ್ಬ ಅನುಭವಸ್ಥ ಮತ್ತು ಬಿದ್ದರೆ ಪೆಟ್ಟಾಗದ ಮೆತ್ತನೆಯ ನೆಲ ಸಾಕು. ಕುದುರೆಯನ್ನು ಕಿರಿದಾದ ಸುತ್ತಿನಲ್ಲಿ ನಡೆಸಿ: ಹೊರಗಿನ ಹಿಂಗಾಲು ಅಗಲಕ್ಕೆ ಬೀಸಿದರೆ, ಒಳಗಿನದು ನೆಟ್ಟಲ್ಲೇ ತಿರುಚಿದರೆ, ದೋಷ ನರದ್ದು. ತಲೆ ಎತ್ತಿ ಹಿಡಿದು ಇಳಿಜಾರಿನಲ್ಲಿ ನಡೆಸಿ. ನಡೆಯುತ್ತಿರುವಾಗಲೇ ಬಾಲವನ್ನು ಪಕ್ಕಕ್ಕೆ ಎಳೆಯಿರಿ. ಗಟ್ಟಿ ಕುದುರೆ ತಡೆಯುತ್ತದೆ, ರೋಗದ್ದು ವಾಲುತ್ತದೆ. ಗೊರಸಿನ ತುದಿ ಸವೆದಿದೆಯೇ ಎಂದು ಲಾಳ ಕಟ್ಟುವವರನ್ನು ಕೇಳಿ; ಅವರು ಎಲ್ಲರಿಗಿಂತ ಮೊದಲು ಕಂಡಿರುತ್ತಾರೆ. ಇವು ಕಂಡರೆ ಪಶು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ, ಧನುರ್ವಾಯುವಿನ ಲಸಿಕೆ ಹಾಕಿಸಬೇಕು. ಮೇವನ್ನು ಕತ್ತು ಬಗ್ಗಿಸದೆ ತಿನ್ನುವಷ್ಟು ಎತ್ತರಕ್ಕೆ ಇಡಬೇಕು. ಜಗ್ಗಿದರೆ ಕಿತ್ತುಬರುವ ಸಣ್ಣ ಹುರಿಯ ಮೂಲಕ ಗೂಟಕ್ಕೆ ಕಟ್ಟಬೇಕು. ಜಾರುವ ನೆಲದಲ್ಲಿ ನಿಲ್ಲಿಸಬಾರದು.

ಎರಡನೆಯ ಸಲವೂ ತೂರಾಡಿದ ಕುದುರೆಯ ಮೇಲೆ ಮದುಮಗನನ್ನು ಕೂರಿಸುವುದಾಗಲಿ ಅದಕ್ಕೆ ಗಾಡಿ ಕಟ್ಟುವುದಾಗಲಿ ಕೂಡದು. ಅದು ಬಿದ್ದರೆ ಮನುಷ್ಯನ ಮೇಲೆ ಬೀಳುತ್ತದೆ. ಗಾಡಿ ಎಳೆಯುವ ಪ್ರಾಣಿಗಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳು ಹೇಳುತ್ತವೆ. ಅವು ಆರೋಗ್ಯದ ಪ್ರಾಣಿಗೆ ಹಾಕಿದ ಮಿತಿ. ಮಿದುಳುಬಳ್ಳಿ ನಲುಗಿದ ಕುದುರೆಗೆ ದುಡಿಮೆಯ ಮಿತಿ ಸೊನ್ನೆ.

ಇದು ಮಾಲೀಕನ ಅನ್ನದ ಪ್ರಶ್ನೆಯೂ ಹೌದು. ಕುದುರೆ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ ಎನ್ನುವವನಿಗೆ ಕರುಣೆಯ ಉಪದೇಶ ಸಾಲದು; ಅವನ ಮಾತಿನಲ್ಲೇ ತಿಳಿವಳಿಕೆಯೂ ಕೈಗೆ ನೆರವೂ ಬೇಕು. 14ನೆಯ ಶತಮಾನದಲ್ಲೇ ಅಭಿನವಚಂದ್ರ ಎಂಬಾತ ಅಶ್ವವೈದ್ಯವನ್ನು ಕನ್ನಡದಲ್ಲಿ ಬರೆದ. ಕುದುರೆಯ ಚಿಕಿತ್ಸೆಯನ್ನು ಜನರ ಮಾತಿನಲ್ಲೇ ತಿಳಿಸಬೇಕೆಂಬ ಆ ದಾರಿ ಗಡಿಯ ಕನ್ನಡಿಗರಿಗೂ ತೆಲುಗರಿಗೂ ಇಂದು ಬೇಕಾಗಿದೆ. ನಾಟಿವೈದ್ಯನ ಕೈಯ ಸೂಕ್ಷ್ಮವನ್ನೂ ಅವನು ಹೇಳುವ ವಿಶ್ರಾಂತಿಯನ್ನೂ ಉಳಿಸಿಕೊಂಡು, ಕಬ್ಬಿಣವನ್ನು ಮಾತ್ರ ಬಿಡಬೇಕು. ಹೊಸ ಕುದುರೆ ಕೊಳ್ಳುವವರೆಗೆ ಮಾಲೀಕನಿಗೆ ಸಾಲವೂ, ದುಡಿದು ನಿಂತ ಕುದುರೆಗೆ ಮೇವೂ ಸಿಗುವ ಏರ್ಪಾಡು ಆಗಬೇಕು. ಆಗ ಎರಡನೆಯ ಸಲ ಎಡವಿದ ಕುದುರೆಯ ಹೆಗಲಿಂದ ಸಾಜು ಇಳಿಸಲು ಅವನು ಹಿಂಜರಿಯಬೇಕಾಗುವುದಿಲ್ಲ.