ಅಡ್ಡಹೆಸರು ವಂಶಸಾಕ್ಷಿಯೇ?

ಜನಾಂಗನಾಮದಿಂದ ಹುಟ್ಟಿದ ಅಡ್ಡಹೆಸರನ್ನು ಅದನ್ನು ಧರಿಸಿದವರ ವಂಶಮೂಲಕ್ಕೆ ಸಾಕ್ಷಿಯೆಂದು ಓದುವ ರೂಢಿಯನ್ನು ನಾವು ಒಪ್ಪಲಾರೆವು. ರೋಣ ಸೀಮೆಯ ಅಬ್ಬಿಗೇರಿಯಲ್ಲಿ 'ಅಬ್ಬಿಗೇರಿ' ಎಂಬ ಅಡ್ಡಹೆಸರು ಯಾರನ್ನೂ ಬೇರ್ಪಡಿಸದು. ಊರಿಗೆ ಊರೇ ಅದಕ್ಕೆ ಹಕ್ಕುಳ್ಳದ್ದು. ಗದಗಿಗೋ ಹುಬ್ಬಳ್ಳಿಗೋ ಹೋಗಿ ನೆಲೆಸಿದಾಗಲೇ ಅದು ಗುರುತಾಗುತ್ತದೆ. ಜನಾಂಗನಾಮಕ್ಕೂ ಬಹುಮಟ್ಟಿಗೆ ಇದೇ ನ್ಯಾಯ.

ಹಂಗೇರಿಯನ್ ಭಾಷೆಯ 'ಹೊರ್ವಾತ್' (ಕ್ರೊಯೇಷಿಯದವನು), 'ನೇಮೆತ್' (ಜರ್ಮನ್) ಇಂಥವು. 'ತೋತ್' ಇನ್ನೂ ಜಟಿಲವಾದುದು: ಸ್ಲೊವಾಕರು, ಸ್ಲೊವೀನರು, ಸ್ಲವೋನಿಯದವರು ಎಲ್ಲರಿಗೂ ಒಂದೊಂದು ಕಾಲದಲ್ಲಿ ಸಂದ ಹೆಸರದು. ಇಂದು ಜನಾಂಗವಾಚಕವಾಗಿ ಆಡಿದರೆ ಹೀನಾಯವೆನಿಸುವ ಪದ, ಅಡ್ಡಹೆಸರಾಗಿ ಮಾತ್ರ ನಿರಾತಂಕವಾಗಿ ಬಾಳುತ್ತಿದೆ. ಈ ಮೂರರ ಬರಹದ ಕೊನೆಯಲ್ಲಿ ಉಳಿದಿರುವ, ಉಚ್ಚಾರಣೆಯಲ್ಲಿಲ್ಲದ ಹಕಾರವೂ ಹಳೆಯ ಕಾಗುಣಿತದ ಅವಶೇಷವೇ.

ನಮ್ಮಲ್ಲಿನ ಸಮೀಪದ ನಿದರ್ಶನ 'ದ್ರವಿಡ'. ರಾಹುಲ್ ದ್ರಾವಿಡ್ 1973ರಲ್ಲಿ ಇಂದೋರಿನ ಮರಾಠಿ ಮನೆತನದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವರು. ಮರಾಠಿ ಬರಹದಲ್ಲಿ ಹ್ರಸ್ವವಾಗಿರುವ ಮೊದಲಕ್ಷರವನ್ನು ನಮ್ಮ ಪತ್ರಿಕೆಗಳು ದೀರ್ಘಗೊಳಿಸಿವೆ. ಭಾಷಾಕುಟುಂಬದ ಹೆಸರು ಅಲ್ಲಿ ನುಸುಳಿದೆಯೆಂದು ನಮ್ಮ ಊಹೆ. ಆದರೆ ಪಂಚದ್ರಾವಿಡರ ಸಾಂಪ್ರದಾಯಿಕ ಪಟ್ಟಿಯಲ್ಲಿ ಮಹಾರಾಷ್ಟ್ರ, ಗುರ್ಜರಗಳೂ ಸೇರಿವೆ. ಕಾಲ್ಡ್‌ವೆಲ್ 1856ರಲ್ಲಿ ಆ ಪದಕ್ಕೆ ಕೊಟ್ಟ ಅರ್ಥವನ್ನು ಅಡ್ಡಹೆಸರಿನೊಳಗೆ ಹಿಮ್ಮುಖವಾಗಿ ತುಂಬುವುದು ಕಾಲದೋಷ.

'ಸಿದ್ದಿ' ಮಾತ್ರ ಈ ನ್ಯಾಯಕ್ಕೆ ಪೂರ್ತಿ ಒಳಪಡದು. ಉತ್ತರ ಕನ್ನಡದಲ್ಲಿ ಸಮುದಾಯದವರು ತಮ್ಮ ನಡುವೆ ಬಾಳುತ್ತಲೇ ಅದನ್ನು ಅಡ್ಡಹೆಸರಾಗಿ ಧರಿಸಿದ್ದಾರೆ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಶಾಂತಾರಾಮ ಸಿದ್ದಿ ಅವರಲ್ಲೊಬ್ಬರು. ಇಲ್ಲಿ ಹೆಸರೂ ಸಮುದಾಯವೂ ಇನ್ನೂ ಒಂದನ್ನೊಂದು ಬಿಟ್ಟಿಲ್ಲ. ಇದನ್ನು 'ತೋತ್' ಜೊತೆ ಒಂದೇ ವರ್ಗಕ್ಕೆ ಸೇರಿಸಲು ನಾವು ಸಿದ್ಧರಿಲ್ಲ.